ಮನೆಯ ಮೂವರಿಗೂ ‘ಹಾರ್ಮೋನ್ ತೊಂದರೆ’ಯೇ?

ಪ್ರಶ್ನೆ: ನನಗೆ 47 ವರ್ಷ. ಎಂಟು ತಿಂಗಳಿಂದ ಮುಟ್ಟಿನ ಲೆಕ್ಕ ತಪ್ಪಿದೆ. ಒಮ್ಮೆ ಇಪ್ಪತ್ತು ದಿನಕ್ಕೇ ಬರುತ್ತದೆ, ಒಮ್ಮೆ ಎರಡು ತಿಂಗಳಾದರೂ ಇಲ್ಲ. ಬಂದರೆ ಹತ್ತು ದಿನ ನಿಲ್ಲುವುದಿಲ್ಲ, ಗಡ್ಡೆಗಡ್ಡೆಯಾಗಿ ಹೋಗುತ್ತದೆ. ರಾತ್ರಿ ಮೈಯೆಲ್ಲ ಬೆವರಿ ಎಚ್ಚರವಾಗುತ್ತದೆ. ಗರ್ಭಕೋಶ ತೆಗೆಸಿಬಿಡಿ ಎಂದು ಡಾಕ್ಟರೊಬ್ಬರು ಹೇಳಿದ್ದಾರೆ. ಮಗಳಿಗೆ 17, ಮೂರು ತಿಂಗಳಿಂದ ಮುಟ್ಟಾಗಿಲ್ಲ, ಸ್ಕ್ಯಾನಿಂಗ್‌ನಲ್ಲಿ ಪಿಸಿಒಡಿ, ಅಂದರೆ ಅಂಡಾಶಯದಲ್ಲಿ ನೀರುಗುಳ್ಳೆ, ಎಂದು ಬಂದಿದೆ. ಅತ್ತೆಯವರಿಗೆ 70, ಮುಟ್ಟು ನಿಂತು ಇಪ್ಪತ್ತು ವರ್ಷವಾದ ಮೇಲೆ ಹೋದ ತಿಂಗಳು ಎರಡು ದಿನ ಬಟ್ಟೆಗೆ ರಕ್ತದ ಕಲೆಯಾಯಿತಂತೆ. ಯಾರಿಗೂ ಹೇಳಬೇಡ ಎನ್ನುತ್ತಾರೆ. ಕಳೆದ ವರ್ಷ ಬಚ್ಚಲಲ್ಲಿ ಜಾರಿ ಅವರ ಮಣಿಕಟ್ಟು ಮುರಿದಿತ್ತು. ಕೇಳಿದವರೆಲ್ಲ ‘ಹಾರ್ಮೋನ್ ತೊಂದರೆ’ ಎನ್ನುತ್ತಾರೆ. ಮೂವರಿಗೂ ಸೇರಿಸಿ ಹಾರ್ಮೋನ್ ಪ್ಯಾಕೇಜ್ ಟೆಸ್ಟ್ ಮಾಡಿಸಲೇ? ಮಗಳು ಹೊಟ್ಟೆಯಲ್ಲಿದ್ದಾಗ ನನಗೆ ಶುಗರ್ ಬಂದು ಹೋಗಿತ್ತು. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ಉತ್ತರ: ಪ್ಯಾಕೇಜ್ ಟೆಸ್ಟ್ ಬೇಡ. ಆ ದುಡ್ಡನ್ನು ಇಟ್ಟುಕೊಳ್ಳಿ, ಈ ವಾರವೇ ಅತ್ತೆಯವರನ್ನು ಸ್ತ್ರೀರೋಗ ತಜ್ಞರ ಬಳಿ ಕರೆದುಕೊಂಡು ಹೋಗಿ. ನಿಮ್ಮ ಪತ್ರದಲ್ಲಿ ಅತಿ ಕಡಿಮೆ ರಕ್ತ ಹೋಗಿರುವುದು ಅವರಿಗೆ, ಅತಿ ಬೇಗ ನೋಡಬೇಕಾದದ್ದೂ ಅವರನ್ನೇ.

ಮುಟ್ಟು ನಿಂತು ಒಂದು ವರ್ಷ ದಾಟಿದ ಮೇಲೆ ಒಂದು ಹನಿ ಕಾಣಿಸಿದರೂ ಪರೀಕ್ಷೆ ಆಗಲೇಬೇಕು. ಹೆಚ್ಚಿನವರಲ್ಲಿ ಕಾರಣ ಸಣ್ಣದೇ: ಈಸ್ಟ್ರೊಜೆನ್ ಇಲ್ಲದೆ ಯೋನಿಯ ಮತ್ತು ಗರ್ಭಕೋಶದ ಒಳಪದರ ತೆಳ್ಳಗಾಗಿ, ಒಣಗಿ, ಸುಲಭವಾಗಿ ಒಸರುತ್ತದೆ. ಆದರೆ ಹೀಗೆ ರಕ್ತ ಕಂಡವರಲ್ಲಿ ಹತ್ತಕ್ಕೆ ಸುಮಾರು ಒಬ್ಬರಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇರುತ್ತದೆ. ಈ ಕ್ಯಾನ್ಸರ್ ಬಹುಪಾಲು ಹೆಂಗಸರಲ್ಲಿ ರಕ್ತದ ಮೂಲಕವೇ ಮೊದಲು ಸುಳಿವು ಕೊಡುತ್ತದೆ. ಆ ಹಂತದಲ್ಲೇ ಹಿಡಿದರೆ ಅನೇಕರಿಗೆ ಆಪರೇಷನ್ ಒಂದರಲ್ಲೇ ವಾಸಿಯಾಗುತ್ತದೆ. ಕಲೆ ತಾನಾಗಿ ನಿಂತಿತು ಎಂಬುದು ಸಮಾಧಾನಪಡುವ ಸಂಗತಿಯಲ್ಲ.

ಅವರಿಗೆ ಆಗಬೇಕಾದದ್ದು ಇಷ್ಟು. ಮೊದಲು ಯೋನಿ ಮತ್ತು ಗರ್ಭಕೋಶದ ಬಾಯಿಯನ್ನು ನೇರವಾಗಿ ನೋಡಿ ಪ್ಯಾಪ್ ಸ್ಮಿಯರ್ (ಗರ್ಭಕೋಶದ ಬಾಯಿಯ ಜೀವಕೋಶಗಳ ಪರೀಕ್ಷೆ) ತೆಗೆಯುತ್ತಾರೆ. ಆಮೇಲೆ ಯೋನಿಯ ಮೂಲಕ ಮಾಡುವ ಸ್ಕ್ಯಾನಿಂಗ್‌ನಲ್ಲಿ ಒಳಪದರದ ದಪ್ಪ ಅಳೆಯುತ್ತಾರೆ. ಅದು 4 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕ್ಯಾನ್ಸರ್ ಇರುವ ಸಾಧ್ಯತೆ ಬಹಳ ಕಡಿಮೆ. ಅದಕ್ಕಿಂತ ದಪ್ಪವಿದ್ದರೆ, ಅಥವಾ ತೆಳ್ಳಗಿದ್ದೂ ರಕ್ತ ಮತ್ತೆ ಕಾಣಿಸಿಕೊಂಡರೆ, ಒಳಪದರದ ಚೂರು ತೆಗೆದು ಬಯಾಪ್ಸಿಗೆ ಕಳಿಸಬೇಕು. ಮೂತ್ರದಲ್ಲೋ ಮೂಲವ್ಯಾಧಿಯಿಂದಲೋ ಬಂದ ರಕ್ತ ಇರಬಹುದು ಎಂಬ ಅನುಮಾನವಿದ್ದರೆ ಬಿಳಿ ಬಟ್ಟೆ ಅಥವಾ ಪ್ಯಾಡ್ ಇಟ್ಟು ಎಲ್ಲಿ ಕಲೆಯಾಗುತ್ತದೆ ನೋಡಿಕೊಳ್ಳಿ. ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಅವರಿಗೆ ನಾಚಿಕೆಯಾಗುವುದು ಸಹಜ. ಹೆಣ್ಣು ಡಾಕ್ಟರ ಬಳಿ ನೀವೇ ಜೊತೆಗೆ ಹೋಗಿ.

ಇನ್ನು, ಮೂವರ ತೊಂದರೆಯೂ ಒಂದೇ ಎಂದು ಏಕೆ ಕಾಣುತ್ತದೆ, ಆದರೂ ಹೇಗೆ ಬೇರೆ ಎಂಬುದನ್ನು ನೋಡೋಣ. ಮುಟ್ಟಿನ ಚಕ್ರದಲ್ಲಿ ಎರಡು ಹಾರ್ಮೋನುಗಳಿಗೆ ಎರಡು ಕೆಲಸ. ಮೊದಲ ಅರ್ಧದಲ್ಲಿ ಅಂಡಾಶಯದ ಈಸ್ಟ್ರೊಜೆನ್ ಗರ್ಭಕೋಶದ ಒಳಪದರವನ್ನು ಪೈರಿನಂತೆ ಬೆಳೆಸುತ್ತದೆ. ಅಂಡ ಬಿಡುಗಡೆಯಾದ ಮೇಲೆ, ಅಂಡ ಹೊರಟ ಜಾಗದಿಂದಲೇ ಪ್ರೊಜೆಸ್ಟರಾನ್ ಹುಟ್ಟುತ್ತದೆ. ಅದು ಬೆಳವಣಿಗೆಯನ್ನು ತಡೆದು ಪೈರನ್ನು ಬಲಿಸುತ್ತದೆ. ಗರ್ಭ ನಿಲ್ಲದಿದ್ದರೆ ಸುಮಾರು ಎರಡು ವಾರಕ್ಕೆ ಎರಡೂ ಹಾರ್ಮೋನುಗಳು ಇಳಿದು, ಇಡೀ ಪದರ ಒಟ್ಟಿಗೆ ಕಳಚಿ ಮುಟ್ಟಾಗುತ್ತದೆ. ಹೊಲ ಒಂದೇ ಸಲ ಕೊಯ್ಲಾದ ಹಾಗೆ.

ಅಂಡವೇ ಬಿಡುಗಡೆಯಾಗದಿದ್ದರೆ ಪ್ರೊಜೆಸ್ಟರಾನ್ ಇಲ್ಲ, ಕೊಯ್ಲೂ ಇಲ್ಲ. ಪದರ ಬೆಳೆಯುತ್ತಲೇ ಇರುತ್ತದೆ, ಆಮೇಲೆ ತನ್ನ ಭಾರ ತಾಳಲಾರದೆ ಒಂದೊಂದು ಕಡೆ ಉದುರಲು ತೊಡಗುತ್ತದೆ. ತಿಂಗಳುಗಟ್ಟಲೆ ಮುಟ್ಟಿಲ್ಲ, ಬಂದರೆ ನಿಲ್ಲುವುದಿಲ್ಲ ಎಂಬುದರ ಅರ್ಥ ಇದು. ಹೊಸದಾಗಿ ಮೈನೆರೆದ ಹುಡುಗಿಯಲ್ಲೂ, ಮುಟ್ಟು ನಿಲ್ಲುವ ಹೊಸ್ತಿಲಲ್ಲಿರುವ ನಿಮ್ಮಲ್ಲೂ ಇದೇ ಆಗುತ್ತದೆ. ಒಬ್ಬಳಲ್ಲಿ ಯಂತ್ರ ಇನ್ನೂ ಹದಕ್ಕೆ ಬಂದಿಲ್ಲ, ಇನ್ನೊಬ್ಬರಲ್ಲಿ ಅಂಡಗಳ ದಾಸ್ತಾನು ಮುಗಿಯುತ್ತಿದೆ. ಹುಟ್ಟುವಾಗ ಹತ್ತರಿಂದ ಇಪ್ಪತ್ತು ಲಕ್ಷ ಇದ್ದದ್ದು ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷಕ್ಕೆ, ಮುಟ್ಟು ನಿಲ್ಲುವಾಗ ಸಾವಿರದ ಆಸುಪಾಸಿಗೆ ಇಳಿದಿರುತ್ತದೆ. ಅತ್ತೆಯವರ ವಯಸ್ಸಿನಲ್ಲಿ ಅಂಡಾಶಯದಿಂದ ಈಸ್ಟ್ರೊಜೆನ್ ಬರುವುದಿಲ್ಲ, ಆದರೆ ಕೊಬ್ಬಿನ ಅಂಗಾಂಶ ಬೇರೆ ಹಾರ್ಮೋನುಗಳಿಂದ ಸ್ವಲ್ಪ ತಯಾರಿಸುತ್ತಲೇ ಇರುತ್ತದೆ. ಮೈಭಾರ ಹೆಚ್ಚಿದ್ದವರಲ್ಲಿ, ತಡೆಯುವ ಪ್ರೊಜೆಸ್ಟರಾನ್ ಇಲ್ಲದೆ, ಅಷ್ಟೇ ಸಾಕು ಒಳಪದರ ಕೆರಳಲು.

ಮಗಳ ವಿಷಯ. ಸ್ಕ್ಯಾನಿಂಗ್ ವರದಿಯೊಂದನ್ನೇ ಹಿಡಿದು ಅವಳಿಗೆ ಪಿಸಿಒಡಿ ಎಂಬ ಹಣೆಪಟ್ಟಿ ಕಟ್ಟಬೇಡಿ. ಮೈನೆರೆದು ಎಂಟು ವರ್ಷದವರೆಗೆ ಅಂಡಾಶಯದಲ್ಲಿ ಸಣ್ಣ ಸಣ್ಣ ಕೋಶಗಳು ಹೆಚ್ಚು ಕಾಣುವುದು ಆ ವಯಸ್ಸಿನ ಸಹಜ ಲಕ್ಷಣ. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ, ಈ ವಯಸ್ಸಿನಲ್ಲಿ ಸ್ಕ್ಯಾನಿಂಗನ್ನು ಪಿಸಿಒಎಸ್ (ಪಿಸಿಒಡಿಗೆ ವೈದ್ಯರು ಬಳಸುವ ಹೆಸರು) ಪತ್ತೆಗೆ ಬಳಸಲೇಬಾರದು ಎನ್ನುತ್ತದೆ. ಜನ ನೀರುಗುಳ್ಳೆ ಎಂದು ಹೆದರುವ ಅವು ಗುಳ್ಳೆಗಳೂ ಅಲ್ಲ, ಪೂರ್ತಿ ಬಲಿಯದೆ ನಿಂತ ಅಂಡಕೋಶಗಳು. ಹುಡುಗಿಯರಲ್ಲಿ ಎರಡು ಸಂಗತಿ ಒಟ್ಟಿಗೆ ಇದ್ದರೆ ಮಾತ್ರ ಪಿಸಿಒಎಸ್: ಮುಟ್ಟಿನ ಏರುಪೇರು, ಮತ್ತು ಗಂಡು ಹಾರ್ಮೋನಿನ ಹೆಚ್ಚಳ. ಗಲ್ಲ, ಎದೆ, ಹೊಟ್ಟೆಯ ಮೇಲೆ ದಪ್ಪ ಕೂದಲು ಬರುವುದು ಹೆಚ್ಚಳದ ಗುರುತು; ರಕ್ತದಲ್ಲಿ ಟೆಸ್ಟೋಸ್ಟೆರಾನ್ ಹೆಚ್ಚಿರುವುದು ಇನ್ನೊಂದು. ಮೈನೆರೆದ ಮೊದಲ ಮೂರು ವರ್ಷ 45 ದಿನಕ್ಕೊಮ್ಮೆ ಮುಟ್ಟಾದರೂ ಸರಿ. ಮೂರು ವರ್ಷ ದಾಟಿದ ಮೇಲೆ 35 ದಿನಕ್ಕಿಂತ ತಡವಾಗುತ್ತಿದ್ದರೆ, ವರ್ಷಕ್ಕೆ ಎಂಟಕ್ಕಿಂತ ಕಡಿಮೆ ಸಲ ಆಗುತ್ತಿದ್ದರೆ ಏರುಪೇರು ಎನ್ನಬೇಕು. ಒಂದು ಸಲವೂ 90 ದಿನ ಮೀರಬಾರದು. ನಿಮ್ಮ ಮಗಳು ಆ ಗಡಿಯಲ್ಲಿದ್ದಾಳೆ, ಆದ್ದರಿಂದ ತೋರಿಸುವುದು ಸರಿ.

ಡಾಕ್ಟರು ಅವಳೊಬ್ಬಳನ್ನೇ ಕೂರಿಸಿ ಐದು ನಿಮಿಷ ಮಾತಾಡಲಿ, ನೀವು ಹೊರಗೆ ಕಾಯಿರಿ. ಮುಟ್ಟಾಗುವ ವಯಸ್ಸಿನಲ್ಲಿ ಮುಟ್ಟು ತಪ್ಪಿದ ಯಾರಿಗೇ ಆದರೂ ಮೊದಲು ಗರ್ಭಪರೀಕ್ಷೆ ಮಾಡುವುದು ವೈದ್ಯಕೀಯ ನಿಯಮ. ಅದು ಮಗಳ ಮೇಲಿನ ಅನುಮಾನವಲ್ಲ. ಆಮೇಲೆ ಟಿಎಸ್‌ಎಚ್ (ಥೈರಾಯ್ಡ್ ಟೆಸ್ಟ್), ಪ್ರೊಲ್ಯಾಕ್ಟಿನ್ (ಹಾಲೂಡಿಸುವ ಹಾರ್ಮೋನ್), ಟೆಸ್ಟೋಸ್ಟೆರಾನ್, ಬೆಳಿಗ್ಗೆ ತೆಗೆದ ರಕ್ತದಲ್ಲಿ 17-ಹೈಡ್ರಾಕ್ಸಿ ಪ್ರೊಜೆಸ್ಟರಾನ್ (ಅಡ್ರಿನಲ್ ಗ್ರಂಥಿಯ ದೋಷ ಹುಡುಕಲು) ಸಾಕು. ಪರೀಕ್ಷೆಯ ಒತ್ತಡದಲ್ಲಿ ಊಟ ಬಿಟ್ಟು ನಾಲ್ಕೈದು ಕೆ.ಜಿ. ಇಳಿದಿದ್ದಾಳೆಯೇ ಎಂಬುದನ್ನೂ ನೋಡಿ. ಆಹಾರ ಸಾಲದಿದ್ದರೆ ಮೆದುಳು ತಾನಾಗಿ ಅಂಡಾಶಯಕ್ಕೆ ಕಳಿಸುವ ಸಂದೇಶ ನಿಲ್ಲಿಸುತ್ತದೆ. ಅಂಥವಳಿಗೆ ಪಿಸಿಒಡಿ ಎಂದು ಡಯಟ್ ಮಾಡಿಸಿದರೆ ತೊಂದರೆ ಇಮ್ಮಡಿಯಾಗುತ್ತದೆ.

ಕುತ್ತಿಗೆಯ ಹಿಂದೆ, ಕಂಕುಳಲ್ಲಿ ವೆಲ್ವೆಟ್‌ನಂತೆ ಕಪ್ಪಾಗಿದ್ದರೆ ಅದು ಕೊಳೆಯಲ್ಲ, ಉಜ್ಜಬೇಡಿ. ಇನ್ಸುಲಿನ್ ಹೆಚ್ಚಾಗಿದೆ ಎಂಬುದರ ಗುರುತು ಅದು. ಹೆಚ್ಚಿದ ಇನ್ಸುಲಿನ್ ಅಂಡಾಶಯದಿಂದ ಗಂಡು ಹಾರ್ಮೋನನ್ನು ಹೆಚ್ಚು ಹೊರಡಿಸುತ್ತದೆ, ಜೊತೆಗೆ ಆ ಹಾರ್ಮೋನನ್ನು ರಕ್ತದಲ್ಲಿ ಕಟ್ಟಿಡುವ ಪ್ರೋಟೀನನ್ನು ಪಿತ್ತಜನಕಾಂಗ ತಯಾರಿಸದಂತೆ ತಡೆಯುತ್ತದೆ. ತೂಕ ಹೆಚ್ಚಿದ್ದವರು ನೂರಕ್ಕೆ ಐದರಷ್ಟು ಇಳಿಸಿದರೂ, ಅಂದರೆ 70 ಕೆ.ಜಿ. ಇದ್ದವರು ಮೂರೂವರೆ ಕೆ.ಜಿ. ಇಳಿಸಿದರೂ, ಎಷ್ಟೋ ಮಂದಿಗೆ ಮುಟ್ಟು ಹಳಿಗೆ ಬರುತ್ತದೆ. ಅಲ್ಲಿಯವರೆಗೆ ಮೂರು ತಿಂಗಳಿಗೊಮ್ಮೆಯಾದರೂ ಒಳಪದರ ಕಳಚಬೇಕು. ಅದಕ್ಕೆ ಡಾಕ್ಟರು ಮೆಡ್ರಾಕ್ಸಿಪ್ರೊಜೆಸ್ಟರಾನ್ 10 ಮಿ.ಗ್ರಾಂ. ಮಾತ್ರೆಯನ್ನು ಹತ್ತು ದಿನ ಕೊಡುವುದುಂಟು. ಮಾತ್ರೆ ಮುಗಿದ ಕೆಲವು ದಿನಗಳಲ್ಲಿ ಮುಟ್ಟಾಗುತ್ತದೆ. ಕೂದಲು, ಮೊಡವೆಯೂ ಇದ್ದರೆ ಗರ್ಭನಿರೋಧಕ ಮಾತ್ರೆ ಕೊಡುತ್ತಾರೆ. ಮುಂದೆ ಮಕ್ಕಳಾಗುವುದಕ್ಕೆ ಅದರಿಂದ ಅಡ್ಡಿಯಿಲ್ಲ. ಕೂದಲಿನ ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲು ಆರು ತಿಂಗಳು ಬೇಕು. ಎರಡೇ ತಿಂಗಳಿಗೆ ಕೆಲಸ ಮಾಡಲಿಲ್ಲ ಎಂದು ಬಿಡುವವರೇ ಹೆಚ್ಚು.

ಈಗ ನಿಮ್ಮದು. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46–47, ಪಾಶ್ಚಾತ್ಯ ದೇಶಗಳಲ್ಲಿ 51. ಆದ್ದರಿಂದ ನಿಮಗೆ ಇದು ಹೊತ್ತಿಗೆ ಸರಿಯಾಗಿ ಬಂದ ಬದಲಾವಣೆ. ಆದರೆ ‘ನಿಲ್ಲುವ ಕಾಲಕ್ಕೆ ಹೀಗೆಲ್ಲ ಆಗುತ್ತೆ, ಸಹಿಸಿಕೋ’ ಎಂಬ ಮಾತನ್ನು ಒಪ್ಪಬೇಡಿ. ಏರುಪೇರು ಸಹಜ, ಹತ್ತು ದಿನ ರಕ್ತ ಸುರಿಯುವುದು ಸಹಜವಲ್ಲ. ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ನೆನೆದು ಹೋಗುವುದು, ಹತ್ತು ರೂಪಾಯಿ ನಾಣ್ಯಕ್ಕಿಂತ ದೊಡ್ಡ ಗಡ್ಡೆ ಬೀಳುವುದು, ಏಳು ದಿನ ಮೀರುವುದು, ರಾತ್ರಿ ಎದ್ದು ಬಟ್ಟೆ ಬದಲಿಸುವುದು, ಇವುಗಳಲ್ಲಿ ಒಂದಿದ್ದರೂ ಅತಿಸ್ರಾವವೇ.

ಈ ಕಾಲದಲ್ಲಿ ಈಸ್ಟ್ರೊಜೆನ್ ಮೆಲ್ಲಗೆ ಇಳಿಯುತ್ತದೆ ಎಂದುಕೊಂಡರೆ ತಪ್ಪು. ಅದು ಒಂದು ವಾರ ಮುಗಿಲಿಗೆ, ಮರು ವಾರ ನೆಲಕ್ಕೆ. ಅದಕ್ಕೇ ಒಂದು ಕಡೆ ಅತಿಸ್ರಾವ, ಇನ್ನೊಂದು ಕಡೆ ರಾತ್ರಿಯ ಬೆವರು, ಎರಡೂ ಒಬ್ಬರಲ್ಲೇ ಇರಲು ಸಾಧ್ಯ. ಅಂಡಾಶಯಕ್ಕೆ ಮೆದುಳಿನಿಂದ ಬರುವ ಸಂದೇಶವನ್ನು ಅಳೆಯುವ ಎಫ್‌ಎಸ್‌ಎಚ್ ಟೆಸ್ಟ್ ಇವತ್ತು 40, ಮುಂದಿನ ತಿಂಗಳು 8 ಬರಬಹುದು. 45 ದಾಟಿದವರಲ್ಲಿ ಅದರಿಂದ ಚಿಕಿತ್ಸೆ ಬದಲಾಗುವುದಿಲ್ಲ. ಅಂಡಗಳ ದಾಸ್ತಾನು ಅಂದಾಜಿಸುವ ಎಎಂಎಚ್ ಟೆಸ್ಟ್ ಕೂಡ ಬೇಕಿಲ್ಲ.

ನಿಮಗೆ ಬೇಕಾದದ್ದು ಹಿಮೋಗ್ಲೋಬಿನ್, ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು), ಟಿಎಸ್‌ಎಚ್, ಗರ್ಭಪರೀಕ್ಷೆ, ಪ್ಯಾಪ್ ಸ್ಮಿಯರ್, ರಕ್ತ ನಿಂತ ಕೂಡಲೇ ಒಂದು ಸ್ಕ್ಯಾನಿಂಗ್. ಜೊತೆಗೆ, ನಿಮ್ಮ ವಯಸ್ಸಿನಲ್ಲಿ, ಒಳಪದರದ ಬಯಾಪ್ಸಿ. ತೆಳುವಾದ ಪ್ಲಾಸ್ಟಿಕ್ ಕೊಳವೆಯಿಂದ ಹೊರರೋಗಿ ವಿಭಾಗದಲ್ಲೇ ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಮುಟ್ಟಿನ ನೋವಿನಂತೆ ಸ್ವಲ್ಪ ಹೊತ್ತು ಹಿಂಡುತ್ತದೆ. ಥೈರಾಯ್ಡ್ ಟೆಸ್ಟಿಗೆ ಮುಂಚೆ ಕೂದಲಿಗೆಂದು ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಎರಡು ದಿನ ಬಿಡಿ. ಅದು ರಕ್ತದಲ್ಲಿದ್ದರೆ ಕೆಲವು ಲ್ಯಾಬ್ ಯಂತ್ರಗಳಲ್ಲಿ ಫಲಿತಾಂಶವೇ ತಲೆಕೆಳಗಾಗುತ್ತದೆ.

ಗರ್ಭಕೋಶ ತೆಗೆಸುವ ಮಾತು ಬಯಾಪ್ಸಿ ವರದಿ ಬಂದ ಮೇಲೆ. ಕ್ಯಾನ್ಸರ್, ಕ್ಯಾನ್ಸರಿಗೆ ತಿರುಗಬಹುದಾದ ಕೋಶಗಳು, ದೊಡ್ಡ ಫೈಬ್ರಾಯ್ಡ್ (ಗರ್ಭಕೋಶದ ಕ್ಯಾನ್ಸರಲ್ಲದ ಗಡ್ಡೆ), ಅಥವಾ ಉಳಿದ ಚಿಕಿತ್ಸೆ ಸೋತ ಸಂದರ್ಭ, ಇವುಗಳಲ್ಲಿ ಆಪರೇಷನ್ ಸರಿಯಾದ ದಾರಿ. ಬರೀ ಹಾರ್ಮೋನಿನ ಏರುಪೇರಿಗೆ ಅದು ಮೊದಲ ಮದ್ದಲ್ಲ. ಕಲಬುರಗಿಯ ತಾಂಡಾಗಳಲ್ಲಿ ಬಡ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ಅಗತ್ಯವಿಲ್ಲದೆ ತೆಗೆದ ಪ್ರಕರಣಗಳು ಬಯಲಾದದ್ದನ್ನು ಓದಿರುತ್ತೀರಿ. ಅನಗತ್ಯ ಹಿಸ್ಟರೆಕ್ಟಮಿ ತಡೆಯುವ ಮಾರ್ಗಸೂಚಿಯನ್ನು ರಾಜ್ಯಗಳು ಜಾರಿಗೆ ತರಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ಆಪರೇಷನ್ ಅನಿವಾರ್ಯವಾದರೂ, ‘ಅಂಡಾಶಯ ಉಳಿಸುತ್ತೀರಾ, ತೆಗೆಯುತ್ತೀರಾ? ತೆಗೆದರೆ ಏಕೆ?’ ಎಂದು ಸಹಿ ಹಾಕುವ ಮುನ್ನ ಕೇಳಿ. ಅಂಡಾಶಯ ತೆಗೆದ ದಿನವೇ ಈಸ್ಟ್ರೊಜೆನ್ ಧಿಡೀರನೆ ಕುಸಿಯುತ್ತದೆ. 45ಕ್ಕಿಂತ ಮುಂಚೆ ಹೀಗಾದವರಲ್ಲಿ ಹೃದ್ರೋಗ, ಮೂಳೆ ಸವೆತ ಎರಡೂ ಹೆಚ್ಚು.

ಬಯಾಪ್ಸಿ ಸರಿಯಿದ್ದರೆ ದಾರಿಗಳು ಹಲವು. ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲವನ್ನು ರಕ್ತ ಹೆಚ್ಚಿರುವ ನಾಲ್ಕೈದು ದಿನ ಮಾತ್ರ ಕೊಡುತ್ತಾರೆ. ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ ಇತಿಹಾಸವಿದ್ದರೆ ಅದು ಬೇಡ. ನಾರೆಥಿಸ್ಟೆರಾನ್ ಮಾತ್ರೆ ರಕ್ತವನ್ನು ಬೇಗ ನಿಲ್ಲಿಸುತ್ತದೆ, ಆದರೆ ಮೆಡಿಕಲ್ ಶಾಪಿನಲ್ಲಿ ಕೇಳಿ ನಾಲ್ಕು ದಿನ ನುಂಗಿ ಬಿಟ್ಟರೆ ಎರಡು ಮೂರು ದಿನದಲ್ಲಿ ಮತ್ತೆ ಸುರಿಯುತ್ತದೆ. ಮಾತ್ರೆ ಬಿಟ್ಟರೆ ರಕ್ತ ಬರಬೇಕಾದದ್ದೇ; ಔಷಧ ಕೆಟ್ಟದ್ದಲ್ಲ, ಲೆಕ್ಕ ತಪ್ಪಿದ್ದು. ಅದನ್ನು ಡಾಕ್ಟರು ಬರೆದಷ್ಟು ದಿನ, ಸಾಮಾನ್ಯವಾಗಿ ಮೂರು ವಾರ, ಪೂರ್ತಿ ತೆಗೆದುಕೊಳ್ಳಬೇಕು.

ನಿಮ್ಮಂಥವರಿಗೆ ಹೆಚ್ಚು ಹೊಂದುವುದು ಲೆವೊನಾರ್ಜೆಸ್ಟ್ರೆಲ್ ಇರುವ ಕಾಪರ್-ಟಿಯಂಥ ಸಾಧನ. 52 ಮಿ.ಗ್ರಾಂ. ಹಾರ್ಮೋನ್ ತುಂಬಿಕೊಂಡ ಅದು ಗರ್ಭಕೋಶದೊಳಗೇ ಕೂತು, ಐದು ವರ್ಷ ಒಳಪದರವನ್ನು ತೆಳ್ಳಗಿಡುತ್ತದೆ. ಮಾಮೂಲಿ ಕಾಪರ್-ಟಿ ಬೇರೆ, ಅದು ರಕ್ತ ಹೆಚ್ಚಿಸಬಹುದು. ಅಂಗಡಿಯಲ್ಲಿ ಕೊಳ್ಳುವಾಗ ಹೆಸರು ನೋಡಿ. ಹಾಕಿದ ಮೊದಲ ಮೂರರಿಂದ ಆರು ತಿಂಗಳು ಆಗಾಗ ಹನಿ ಹನಿಯಾಗಿ ಕಾಣಿಸುತ್ತದೆ. ಎರಡನೇ ತಿಂಗಳಿಗೇ ಬೇಸತ್ತು ತೆಗೆಸಿಕೊಂಡವರು ಅದರ ಗುಣವನ್ನೇ ನೋಡುವುದಿಲ್ಲ. ವರ್ಷ ತುಂಬುವ ಹೊತ್ತಿಗೆ ಸ್ರಾವ ಹತ್ತರಲ್ಲಿ ಒಂದು ಪಾಲಿಗೆ ಇಳಿಯಬಹುದು. ಗರ್ಭನಿರೋಧವೂ ಆಗುತ್ತದೆ. ನಿಮಗೆ ಅದಿನ್ನೂ ಬೇಕು: 50ಕ್ಕೆ ಮುಂಚೆ ಮುಟ್ಟು ನಿಂತರೆ ಕೊನೆಯ ಮುಟ್ಟಿನಿಂದ ಎರಡು ವರ್ಷ, 50ರ ನಂತರವಾದರೆ ಒಂದು ವರ್ಷ ಎಚ್ಚರ ಬೇಕು.

ಹೋದ ರಕ್ತ ತುಂಬಿಕೊಳ್ಳಲು ಕಬ್ಬಿಣದ ಮಾತ್ರೆ ದಿನಕ್ಕೊಂದು, ಇಲ್ಲವೇ ದಿನ ಬಿಟ್ಟು ದಿನ ಸಾಕು. ದಿನಕ್ಕೆ ಮೂರು ನುಂಗಿದರೆ ಹೀರಿಕೆ ಹೆಚ್ಚದು, ಹೊಟ್ಟೆ ಕೆಡುವುದಷ್ಟೇ. ಕಾಫಿ, ಟೀ, ಹಾಲು, ಕ್ಯಾಲ್ಸಿಯಂ ಮಾತ್ರೆ ಇವುಗಳ ಜೊತೆ ಬೇಡ, ಒಂದೆರಡು ಗಂಟೆ ಅಂತರವಿರಲಿ. ನಿಂಬೆ ಪಾನಕದ ಜೊತೆ ಒಳ್ಳೆಯದು. ಹಿಮೋಗ್ಲೋಬಿನ್ 12 ಮುಟ್ಟಿದ ಮೇಲೂ ಮೂರು ತಿಂಗಳು ಮುಂದುವರಿಸಿ, ದೇಹದ ಉಗ್ರಾಣ ತುಂಬುವುದು ಆಗಲೇ.

ರಾತ್ರಿಯ ಬೆವರಿಗೆ ಕಾರಣ ಮೈಯ ಉಷ್ಣವಲ್ಲ. ಮೆದುಳಿನಲ್ಲಿ ತಾಪಮಾನ ಕಾಯುವ ಕೇಂದ್ರ ಈಸ್ಟ್ರೊಜೆನ್ ಏರಿಳಿತಕ್ಕೆ ಸಿಕ್ಕಿ, ಅರ್ಧ ಡಿಗ್ರಿ ಹೆಚ್ಚಾದರೂ ಬೆಂಕಿ ಬಿದ್ದಂತೆ ವರ್ತಿಸುತ್ತದೆ. ನಿದ್ದೆ ಕೆಡುವಷ್ಟಿದ್ದರೆ ಹಾರ್ಮೋನ್ ಚಿಕಿತ್ಸೆಗೆ ಹೆದರಬೇಕಿಲ್ಲ. ಆ ಹೆದರಿಕೆ ಬಂದದ್ದು 2002ರ ಅಮೆರಿಕದ ದೊಡ್ಡ ಅಧ್ಯಯನದಿಂದ. ಅದರಲ್ಲಿದ್ದವರ ಸರಾಸರಿ ವಯಸ್ಸು 63, ಕೊಟ್ಟದ್ದು ಹಳೆಯ ಬಗೆಯ ಮಾತ್ರೆ. ಅದರಲ್ಲೂ ಸ್ತನ ಕ್ಯಾನ್ಸರ್ ಹೆಚ್ಚಾದದ್ದು ವರ್ಷಕ್ಕೆ ಹತ್ತು ಸಾವಿರ ಮಂದಿಗೆ ಎಂಟು. ಅರವತ್ತರ ಒಳಗೆ, ಮುಟ್ಟು ನಿಂತ ಹತ್ತು ವರ್ಷದ ಒಳಗೆ ಶುರು ಮಾಡುವ ಆರೋಗ್ಯವಂತರಿಗೆ ಲಾಭವೇ ಹೆಚ್ಚು. ಚರ್ಮಕ್ಕೆ ಹಚ್ಚುವ ಈಸ್ಟ್ರೊಜೆನ್ ಜೆಲ್, ಮಾತ್ರೆಯಂತೆ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿಸುವುದಿಲ್ಲ. ಒಂದು ಷರತ್ತನ್ನು ಮಾತ್ರ ಮೀರುವಂತಿಲ್ಲ: ಗರ್ಭಕೋಶ ಇರುವವರಿಗೆ ಈಸ್ಟ್ರೊಜೆನ್ ಒಂದನ್ನೇ ಕೊಡಬಾರದು, ಪ್ರೊಜೆಸ್ಟರಾನ್ ಜೊತೆಗಿರಲೇಬೇಕು, ಇಲ್ಲವಾದರೆ ಮತ್ತೆ ಕೊಯ್ಲಿಲ್ಲದ ಹೊಲವೇ. ಮೇಲೆ ಹೇಳಿದ ಸಾಧನ ಒಳಗಿದ್ದರೆ ಆ ಕೆಲಸ ಅದೇ ಮಾಡುತ್ತದೆ. ಸ್ತನ ಕ್ಯಾನ್ಸರ್ ಆಗಿದ್ದವರಿಗೆ, ಪಾರ್ಶ್ವವಾಯು, ಹೃದಯಾಘಾತ, ರಕ್ತ ಹೆಪ್ಪುಗಟ್ಟಿದವರಿಗೆ, ಪಿತ್ತಜನಕಾಂಗದ ಕಾಯಿಲೆ ಇರುವವರಿಗೆ, ಕಾರಣ ತಿಳಿಯದೆ ರಕ್ತ ಹೋಗುತ್ತಿರುವವರಿಗೆ ಇದು ಬೇಡ. ಅಂದರೆ ನಿಮಗೂ ಬಯಾಪ್ಸಿ ಆಗುವವರೆಗೆ ಬೇಡ.

ಬಸಿರಿನಲ್ಲಿ ಬಂದುಹೋದ ಶುಗರ್‌ಗೆ ಸಂಬಂಧ ಖಂಡಿತ ಇದೆ. ಮಾಸಿನಿಂದ ಹೊರಡುವ ಹಾರ್ಮೋನುಗಳು ತಾಯಿಯ ಇನ್ಸುಲಿನ್‌ಗೆ ಅಡ್ಡ ನಿಲ್ಲುತ್ತವೆ, ಮೇದೋಜೀರಕ ಗ್ರಂಥಿ ಆಗ ಹೆಚ್ಚು ದುಡಿಯಬೇಕು. ಆ ದುಡಿತದಲ್ಲಿ ಸೋತದ್ದೆಂದರೆ ಅದರ ಬಲ ಕಡಿಮೆ ಎಂದು ಹದಿನೇಳು ವರ್ಷ ಮುಂಚೆಯೇ ತಿಳಿದಂತಾಯಿತು. ಹೆರಿಗೆಯಾಗಿ ಆರು ವಾರಕ್ಕೆ ಗ್ಲೂಕೋಸ್ ಪರೀಕ್ಷೆ, ಆಮೇಲೆ ವರ್ಷವರ್ಷವೂ ಒಂದು ಆಗಬೇಕಿತ್ತು. ಮುಟ್ಟು ನಿಲ್ಲುವ ಕಾಲಕ್ಕೆ ಕೊಬ್ಬು ಹೊಟ್ಟೆಯ ಸುತ್ತ ಸೇರಿ, ಕೆಟ್ಟ ಕೊಲೆಸ್ಟ್ರಾಲ್ ಏರುವುದರಿಂದ ಈಗಂತೂ ತಡ ಮಾಡಬೇಡಿ. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಒಂದನ್ನೇ ನಂಬಬೇಡಿ: ಕಬ್ಬಿಣದ ಕೊರತೆಯಲ್ಲಿ ಅದು ಇರುವುದಕ್ಕಿಂತ ಹೆಚ್ಚು ತೋರಬಹುದು, ರಕ್ತ ತುಂಬ ಹೋಗುತ್ತಿದ್ದರೆ ಕಡಿಮೆ. ಖಾಲಿ ಹೊಟ್ಟೆಯದೊಂದು, 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆಗೆ ಇನ್ನೊಂದು ರಕ್ತ ಕೊಡಿ. ಬಿ.ಪಿ., ಕೊಲೆಸ್ಟ್ರಾಲ್ ಜೊತೆಗೇ ಆಗಲಿ.

ಕೊನೆಗೆ ಅತ್ತೆಯವರ ಮಣಿಕಟ್ಟು. ನಿಂತ ಎತ್ತರದಿಂದ ಬಿದ್ದು ಮೂಳೆ ಮುರಿದರೆ ಬಚ್ಚಲಿನ ಪಾಚಿಯನ್ನಷ್ಟೇ ದೂರಿ ಪ್ಲಾಸ್ಟರ್ ಬಿಚ್ಚಿ ಕಳಿಸುವುದು ನಮ್ಮಲ್ಲಿ ನಿತ್ಯ ನಡೆಯುವ ತಪ್ಪು. ಮೂಳೆಯನ್ನು ಕರಗಿಸುವ ಕೋಶಗಳಿಗೆ ಈಸ್ಟ್ರೊಜೆನ್ ಕಡಿವಾಣ. ಅದು ಹೋದ ಮೊದಲ ಐದಾರು ವರ್ಷ ಮೂಳೆ ಬಲು ಬೇಗ ಸವೆಯುತ್ತದೆ. ಮಣಿಕಟ್ಟು ಮೊದಲು, ಆಮೇಲೆ ಬೆನ್ನುಮೂಳೆ, ಕೊನೆಗೆ ಸೊಂಟ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ. ಅದರ ಅಂಕ, ಟಿ-ಸ್ಕೋರ್, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಕ್ಯಾಲ್ಸಿಯಂ ಒಂದರಿಂದ ಆಗುವುದಿಲ್ಲ, ಔಷಧ ಬೇಕು. ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್ 70 ಮಿ.ಗ್ರಾಂ. ಕೊಟ್ಟರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ, ಒಂದು ದೊಡ್ಡ ಲೋಟ ಬರೀ ನೀರಿನ ಜೊತೆ ತೆಗೆದುಕೊಂಡು, ಅರ್ಧ ಗಂಟೆ ಮಲಗದೆ, ಕಾಫಿಯನ್ನೂ ಮುಟ್ಟದೆ ಇರಬೇಕು. ಮಲಗಿದರೆ ಅನ್ನನಾಳ ಸುಡುತ್ತದೆ. ಇದು ಕಷ್ಟವಾದರೆ ವರ್ಷಕ್ಕೊಮ್ಮೆ ಡ್ರಿಪ್ಪಿನಲ್ಲಿ ಕೊಡುವ ಝೊಲೆಡ್ರೊನೇಟ್ ಇದೆ. ಆರು ತಿಂಗಳಿಗೊಮ್ಮೆ ಚುಚ್ಚುವ ಡೆನೊಸುಮ್ಯಾಬ್ ಶುರು ಮಾಡಿದರೆ ಒಂದು ಸಲವೂ ತಪ್ಪಿಸುವಂತಿಲ್ಲ. ಥಟ್ಟನೆ ನಿಲ್ಲಿಸಿದವರಲ್ಲಿ ಬೆನ್ನುಮೂಳೆಗಳು ಸಾಲಾಗಿ ಕುಸಿದದ್ದುಂಟು.

ಮುಟ್ಟು ನಿಂತವರಿಗೆ ದಿನಕ್ಕೆ 1200 ಮಿ.ಗ್ರಾಂ. ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಸುಮಾರು 350, ಇನ್ನೂರು ಮಿ.ಲೀ. ಹಾಲು ಅಥವಾ ಮೊಸರಿನಲ್ಲಿ 240ರ ಆಸುಪಾಸು. ಒಂದು ಮುದ್ದೆ, ಎರಡು ಲೋಟ ಹಾಲು-ಮೊಸರು, ಸೊಪ್ಪು, ಎಳ್ಳು ಎಂದರೆ ಮುಕ್ಕಾಲು ಪಾಲು ಊಟದಲ್ಲೇ ಸಿಕ್ಕಿತು. ಉಳಿದದ್ದಕ್ಕಷ್ಟೇ ಮಾತ್ರೆ, ಕ್ಯಾಲ್ಸಿಯಂ ಕಾರ್ಬೊನೇಟ್ ಆದರೆ ಊಟದ ಜೊತೆಗೆ. ವಿಟಮಿನ್ ಡಿ 60,000 ಯೂನಿಟ್ಟಿನ ಪುಡಿ ವಾರಕ್ಕೊಂದು, ಸಾಮಾನ್ಯವಾಗಿ ಎಂಟು ವಾರ. ಅದನ್ನು ದಿನಕ್ಕೊಂದು ಎಂದು ತಪ್ಪು ತಿಳಿದು ತಿಂಗಳುಗಟ್ಟಲೆ ತೆಗೆದುಕೊಂಡವರು ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ವಾಂತಿ, ಗೊಂದಲ, ಕಿಡ್ನಿ ತೊಂದರೆ ಎಂದು ಆಸ್ಪತ್ರೆ ಸೇರುತ್ತಾರೆ. ಚೀಟಿಯಲ್ಲಿ ‘ವಾರಕ್ಕೆ ಒಂದು’ ಎಂದು ಕನ್ನಡದಲ್ಲೇ ಬರೆಸಿಕೊಳ್ಳಿ, ವಾರದ ಯಾವ ದಿನ ಎಂಬುದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅದೇ ಕ್ಯಾಲೆಂಡರಿನಲ್ಲಿ ನಿಮ್ಮ ಮತ್ತು ಮಗಳ ಮುಟ್ಟಿನ ಮೊದಲ ದಿನ, ಕೊನೆಯ ದಿನ, ದಿನಕ್ಕೆ ಬದಲಿಸಿದ ಪ್ಯಾಡುಗಳ ಲೆಕ್ಕವನ್ನೂ ಬರೆದು ಡಾಕ್ಟರ ಬಳಿ ಒಯ್ಯಿರಿ.